ಒಂದು ದೇಶ ಹೊಗೆ ತಗ್ಗಿಸಿದರೆ ಲೋಕದ ಬಿಸಿ ತಗ್ಗೀತೆ?



ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಈಚೆಗೆ ಹವಾಮಾನದ ಮಾತು ತೆಗೆದರೆ ಸಾಕು, ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಲ್ಲಾ ಸಾರ್, ಹೊಗೆ ಬಿಟ್ಟೋರು ಅಮೇರಿಕದೋರು, ಚೀನಾದೋರು. ನಾವು ಗದ್ದೇಲಿ ನೀರು ಕಮ್ಮಿ ನಿಲ್ಸುದ್ರೆ, ಕಬ್ಬಿನ ತರಗು ಸುಡ್ದೆ ಬಿಟ್ರೆ ಲೋಕದ ಬಿಸ್ಲು ತಗ್ಗೋಯ್ತದಾ?" ಕೇಳುವವರು ಕುಚೋದ್ಯಕ್ಕೆ ಕೇಳುವುದಿಲ್ಲ. ಲೋಕದ ದೇಶಗಳ ಮಂತ್ರಿಗಳು ವರ್ಷಕ್ಕೊಮ್ಮೆ ಸಭೆ ಸೇರಿ ಹಗಲು ರಾತ್ರಿ ವಾದ ಮಾಡುವುದೂ ಇದೇ ಪ್ರಶ್ನೆಯನ್ನೇ. ಒಬ್ಬ ಮಾಡಿದರೆ ಏನಾದೀತು, ಮಿಕ್ಕವರು ಮಾಡದಿದ್ದರೆ? ಆದ್ದರಿಂದ ಈ ಹೊತ್ತು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಈ ಪ್ರಶ್ನೆ ನಾಲೆಯ ಕೊನೆ ಭಾಗದವರಿಗೆ ಬೇಗ ಅರ್ಥವಾಗುತ್ತದೆ. ಕನ್ನಂಬಾಡಿ ಕಟ್ಟೆಯಿಂದ ಹೊರಟು ಹುಲಿಕೆರೆ ಸುರಂಗ ದಾಟಿ ಬರುವ ವಿಶ್ವೇಶ್ವರಯ್ಯ ನಾಲೆಯ ನೀರು ಮದ್ದೂರು, ಮಳವಳ್ಳಿಯ ಕೊನೇ ಗದ್ದೆ ಮುಟ್ಟುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲಿನವರು ತೂಬು ಬಿಟ್ಟುಕೊಂಡು ಮಲಗಿದ್ದರೆ, ಕೆಳಗಿನವನು ಒಬ್ಬನೇ ಎಷ್ಟು ಹಿಡಿತವಾಗಿ ನೀರು ಬಳಸಿದರೇನು? ಗಾಳಿಯ ಕಥೆಯೂ ಹೆಚ್ಚು ಕಡಿಮೆ ಹೀಗೇ. ಒಂದು ವ್ಯತ್ಯಾಸ ಉಂಟು. ಗಾಳಿಗೆ ಬದುವಿಲ್ಲ. ಯಾವ ದೇಶದಲ್ಲಿ ಬಿಟ್ಟ ಹೊಗೆಯಾದರೂ ಒಂದೆರಡು ವರ್ಷದಲ್ಲಿ ಲೋಕಕ್ಕೆಲ್ಲ ಬೆರೆತುಹೋಗುತ್ತದೆ. ಬಿಟ್ಟವನ ತಲೆಯ ಮೇಲೇ ನಿಲ್ಲುವುದಿಲ್ಲ.

ಹೊಗೆ ಎಂದಾಗ ಕಣ್ಣುರಿಸುವ ಒಲೆಯ ಹೊಗೆ ಎಂದು ತಿಳಿಯಬೇಡಿ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟಾಗ ಹುಟ್ಟುವ ಇಂಗಾಲದ ಡೈ ಆಕ್ಸೈಡ್ ಕಣ್ಣಿಗೆ ಕಾಣದ ಅನಿಲ. ಅದು ಭೂಮಿಗೆ ಹೊದಿಸಿದ ಕಂಬಳಿಯ ಹಾಗೆ. ಹಗಲು ಕಾದ ನೆಲದ ಕಾವು ಮೇಲಕ್ಕೆ ಹೋಗದಂತೆ ಹಿಡಿದಿಡುತ್ತದೆ. ಒಮ್ಮೆ ಏರಿದ್ದು ನೂರಾರು ವರ್ಷ ಇಳಿಯದು. ಮಾತಿನ ಅನುಕೂಲಕ್ಕೆ ಇಂಥ ಅನಿಲಗಳನ್ನೆಲ್ಲ ಹೊಗೆ ಎಂದೇ ಕರೆಯೋಣ.

ಇದರಿಂದ ನಮಗೇನು ನಷ್ಟ ಎಂದರೆ, ಕಟ್ಟೆಯ ನೀರಿನ ಮಟ್ಟವನ್ನೇ ನೋಡಿ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬಲೇ ಇಲ್ಲ. ಮಂಡ್ಯ ಬಂದ್ ಆಯಿತು, ಬೇಸಿಗೆ ಬೆಳೆ ಇಡಬೇಡಿ ಎಂದು ಹೇಳಬೇಕಾಯಿತು. ಎರಡೇ ವರ್ಷಕ್ಕೆ, 2025ರಲ್ಲಿ, ಅದೇ ಕಟ್ಟೆ ಜೂನ್ ತಿಂಗಳಲ್ಲೇ 124.80 ಅಡಿ ತುಂಬಿತು. ಜೂನ್‌ನಲ್ಲಿ ತುಂಬಿದ್ದು ಕಟ್ಟೆಯ ಚರಿತ್ರೆಯಲ್ಲೇ ಮೊದಲು. ಒಂದು ವರ್ಷದ ಬರವನ್ನೋ ಒಂದು ವರ್ಷದ ನೆರೆಯನ್ನೋ ತೋರಿಸಿ ಇದು ಲೋಕದ ಬಿಸಿಯಿಂದಲೇ ಆಯಿತು ಎನ್ನುವುದು ಸರಿಯಲ್ಲ. ಬರ ನಮ್ಮ ಅಜ್ಜಂದಿರ ಕಾಲದಲ್ಲೂ ಇತ್ತು. ಆದರೆ ಬಿಸಿಯೇರಿದ ಗಾಳಿ ಹೆಚ್ಚು ನೀರು ಹೊರುತ್ತದೆ. ಸುರಿದರೆ ಒಮ್ಮೆಗೇ ಸುರಿಯುತ್ತದೆ, ಬಿಟ್ಟರೆ ಬಹಳ ದಿನ ಬಿಡುತ್ತದೆ. ಇಂಥ ಏರುಪೇರು ಹೆಚ್ಚುತ್ತದೆ ಎಂಬುದನ್ನು ವಿಜ್ಞಾನಿಗಳು ಒಪ್ಪಿದ್ದಾರೆ. ಏರುಪೇರಾದಾಗ ಮೊದಲು ಒಣಗುವುದು ನಾಲೆಯ ಕೊನೇ ಗದ್ದೆ.

ಈಗ ಲೆಕ್ಕಕ್ಕೆ ಬರೋಣ. ಲೋಕದಲ್ಲಿ ಈಗ ಇಂಧನ ಸುಟ್ಟು ಏಳುವ ಇಂಗಾಲದ ಹೊಗೆ ನೂರು ಪಾಲು ಎಂದಿಟ್ಟುಕೊಂಡರೆ, ಚೀನಾದ್ದು 30ಕ್ಕೂ ಮೇಲೆ, ಅಮೇರಿಕದ್ದು ಸುಮಾರು 13, ನಮ್ಮ ಭಾರತದ್ದು ಸುಮಾರು 8. ತಲೆ ಲೆಕ್ಕ ಹಾಕಿದರೆ ಅಮೇರಿಕದವನೊಬ್ಬ ವರ್ಷಕ್ಕೆ ಸುಮಾರು 14 ಟನ್ ಬಿಟ್ಟರೆ ನಮ್ಮವನೊಬ್ಬ ಸುಮಾರು 2 ಟನ್ ಬಿಡುತ್ತಾನೆ. ಹಿಂದಿನ ಬಾಕಿಯನ್ನೂ ಕೂಡಿಸಿದರೆ, ಇದುವರೆಗೆ ಲೋಕ ಬಿಟ್ಟ ಹೊಗೆಯಲ್ಲಿ ಕಾಲುಪಾಲಿನಷ್ಟು ಅಮೇರಿಕ ಒಂದರದ್ದೇ. ನಮ್ಮದು ನೂರಕ್ಕೆ ಮೂರೋ ನಾಲ್ಕೋ. ಆದ್ದರಿಂದ "ಬಿಟ್ಟೋರು ಅವರು" ಎನ್ನುವ ಮಾತಿನಲ್ಲಿ ಸುಳ್ಳಿಲ್ಲ. ನಾಳೆ ಬೆಳಗ್ಗೆ ಇಡೀ ಭಾರತ ಒಲೆ, ಕಾರ್ಖಾನೆ, ಲಾರಿ ಎಲ್ಲ ನಿಲ್ಲಿಸಿ ಕುಳಿತರೂ ಲೋಕದ ಹೊಗೆಯಲ್ಲಿ ನೂರಕ್ಕೆ 92 ಪಾಲು ಏಳುತ್ತಲೇ ಇರುತ್ತದೆ. ಅಮೇರಿಕವೇ ಒಬ್ಬಂಟಿಯಾಗಿ ನಿಲ್ಲಿಸಿದರೂ 87 ಉಳಿಯುತ್ತದೆ. ಇಷ್ಟಕ್ಕೇ ಲೆಕ್ಕ ಮುಗಿಸಿದರೆ, ಯಾವ ದೇಶವೂ ಏನೂ ಮಾಡಬೇಕಾಗಿಲ್ಲ ಎಂದೇ ಬರುತ್ತದೆ.

ಆದರೆ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಊರಿನಲ್ಲಿ ಒಬ್ಬ ವಿ.ಸಿ. ಫಾರಂನಿಂದ ಹೊಸ ಭತ್ತದ ತಳಿ ತಂದು ಅರ್ಧ ಎಕರೆಗೆ ನಾಟಿ ಮಾಡಿದ ಎನ್ನಿ. ಆ ವರ್ಷ ಊರಿನ ಒಟ್ಟು ಫಸಲಿನಲ್ಲಿ ಅವನ ಅರ್ಧ ಎಕರೆ ಲೆಕ್ಕಕ್ಕೇ ಬಾರದು. ಆದರೆ ತೆನೆ ಚೆನ್ನಾಗಿ ಬಂದರೆ ಕಣದ ಹತ್ತಿರ ಎಷ್ಟು ಜನ ಬಂದು ಬಿತ್ತನೆಗೆ ಎರಡು ಪಲ್ಲ ಕೊಡಪ್ಪ ಎನ್ನುತ್ತಾರೆ? ಮೂರನೇ ವರ್ಷಕ್ಕೆ ಊರೆಲ್ಲ ಅದೇ ತಳಿ. ಅವನ ಅರ್ಧ ಎಕರೆಯ ಬೆಲೆಯನ್ನು ಅವನ ಮೂಟೆಗಳಿಂದ ಅಳೆಯಲಾಗುತ್ತದೆಯೇ? ದೇಶಗಳ ವಿಷಯದಲ್ಲೂ ಹೀಗೇ ನಡೆದಿದೆ. ಒಂದು ದೇಶದ ಕಾನೂನು ಲೋಕವನ್ನು ತಾಕುವುದು ಬಹುಪಾಲು ಈ ದಾರಿಯಿಂದಲೇ. ಅದು ತನ್ನ ಹೊಗೆಯನ್ನು ಎಷ್ಟು ಇಳಿಸಿತು ಎಂಬುದು ಚಿಕ್ಕ ಮಾತು. ಮಿಕ್ಕವರಿಗೆ ಯಾವುದನ್ನು ಅಗ್ಗ ಮಾಡಿಕೊಟ್ಟಿತು, ಯಾವುದು ಆಗುತ್ತದೆ ಎಂದು ಮಾಡಿ ತೋರಿಸಿತು ಎಂಬುದು ದೊಡ್ಡ ಮಾತು.

ಇದಕ್ಕೆ ಉದಾಹರಣೆ ಹುಡುಕಿಕೊಂಡು ಪರದೇಶಕ್ಕೆ ಹೋಗಬೇಕಿಲ್ಲ, ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. 1902ರಲ್ಲಿ ಮೈಸೂರು ಸಂಸ್ಥಾನ ಶಿವನಸಮುದ್ರದ ಬಳಿ ಕಾವೇರಿಯ ಧುಮುಕುವ ನೀರಿನಿಂದ ವಿದ್ಯುತ್ ತೆಗೆದು, ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಕಳುಹಿಸಿತು. ಅಷ್ಟು ಉದ್ದದ ವಿದ್ಯುತ್ ಸಾಲು ಆ ಕಾಲಕ್ಕೆ ಲೋಕದಲ್ಲೇ ಅಪರೂಪ. ಕೆಲಸಕ್ಕೆ ಕೈಹಾಕಿದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದನ್ನು ಕಣ್ಣಾರೆ ನೋಡಲು ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡರು. ಹವಾಮಾನ ಕಾಪಾಡೋಣ ಎಂದು ಮಾಡಿದ ಕೆಲಸವಲ್ಲ ಅದು. ಗಣಿಗೆ ಸೌದೆ, ಕಲ್ಲಿದ್ದಲಿಗಿಂತ ಅಗ್ಗವಾದ ಶಕ್ತಿ ಬೇಕಿತ್ತು, ಸಂಸ್ಥಾನಕ್ಕೆ ಹುಟ್ಟುವಳಿ ಬೇಕಿತ್ತು. ಇರಲಿ. 1905ಕ್ಕೆ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಬೇಸಿಗೆಯಲ್ಲಿ ಹೊಳೆ ಬತ್ತಿ ಗಣಿಗೆ ವಿದ್ಯುತ್ ಸಾಲದಾದಾಗ, ಮೇಲೆ ನೀರು ಕಟ್ಟಿ ನಿಲ್ಲಿಸಿದರೆ ವರ್ಷವಿಡೀ ಸಮನಾಗಿ ಬಿಡಬಹುದು ಎಂಬ ಯೋಚನೆಗೆ ಬಲ ಬಂತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನಿಮ್ಮ ಗದ್ದೆಗೆ ಇಂದು ಬರುವ ನೀರಿನ ಹಿಂದೆ ಕೋಲಾರದ ಗಣಿಯ ದೀಪವೂ ಇದೆ ಎಂದರೆ ಸೋಜಿಗವಲ್ಲವೇ? ಸಣ್ಣದೊಂದು ಸಂಸ್ಥಾನ ಒಂದು ಕಡೆ ಇಟ್ಟ ಹೆಜ್ಜೆ ಎಲ್ಲಿಂದೆಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಈಗ ಪರದೇಶದ ಕಥೆ ಕೇಳಿ. ಮಳವಳ್ಳಿ ಕಡೆ ಹೋದರೆ ಅಲ್ಲಲ್ಲಿ ಹೊಲದ ಮೂಲೆಯಲ್ಲಿ ಸೋಲಾರ್ ಪ್ಲೇಟು ನಿಂತಿರುವುದು ಕಾಣುತ್ತದೆ. ಬಿಸಿಲಿದ್ದಾಗ ಪಂಪು ಓಡುತ್ತದೆ, ರಾತ್ರಿ ಎರಡು ಗಂಟೆಗೆ ಕರೆಂಟು ಬಂತೆಂದು ಎದ್ದು ಹೋಗಿ ಹಾವು ಚೇಳಿನ ನಡುವೆ ಗುಂಡಿ ಒತ್ತುವ ಕಷ್ಟ ತಪ್ಪುತ್ತದೆ. ಈ ಪ್ಲೇಟು ನಮ್ಮ ಕೈಗೆ ಎಟುಕುವ ಬೆಲೆಗೆ ಹೇಗೆ ಬಂತು? ಬಿಸಿಲಿನಿಂದ ವಿದ್ಯುತ್ ತೆಗೆಯುವ ಈಗಿನ ಬಗೆಯ ಬಿಲ್ಲೆಯನ್ನು ಅಮೇರಿಕದಲ್ಲಿ 1954ರಲ್ಲೇ ಮಾಡಿ ತೋರಿಸಿದ್ದರು. ಆದರೆ ಬೆಲೆ ಮುಟ್ಟುವಂತಿರಲಿಲ್ಲ. ಆಕಾಶಕ್ಕೆ ಹಾರಿಸುವ ಉಪಗ್ರಹಕ್ಕೆ ಅಷ್ಟೇ ಸರಿ ಎನ್ನುವ ಹಾಗಿತ್ತು. 2000ನೇ ಇಸವಿಯಲ್ಲಿ ಜರ್ಮನಿ ದೇಶ ಒಂದು ಕಾನೂನು ಮಾಡಿತು. ಯಾರೇ ಆಗಲಿ ಮನೆಯ ಮಾಡಿನ ಮೇಲೆ, ದನದ ಕೊಟ್ಟಿಗೆಯ ಮೇಲೆ ಸೋಲಾರ್ ಹಾಕಿ ವಿದ್ಯುತ್ ಕೊಟ್ಟರೆ, 20 ವರ್ಷ ಕಾಲ ಗೊತ್ತುಪಡಿಸಿದ ಬೆಲೆಗೆ ಕೊಳ್ಳಲೇಬೇಕು ಎಂದು. ಜರ್ಮನಿಯಲ್ಲಿ ನಮ್ಮಷ್ಟು ಬಿಸಿಲು ಎಲ್ಲಿ? ಚಳಿಗಾಲದಲ್ಲಿ ಸೂರ್ಯನ ಮುಖ ಕಾಣುವುದೇ ಕಷ್ಟ. ಆದರೂ ಬೆಲೆ ಖಾತರಿ ಎಂದ ಮೇಲೆ ಅಲ್ಲಿನ ರೈತರು ಕೊಟ್ಟಿಗೆಯ ಮೇಲೆಲ್ಲ ಹೊದಿಸಿಬಿಟ್ಟರು. ಖರ್ಚೆಲ್ಲ ಅಲ್ಲಿನ ಜನದ ಕರೆಂಟು ಬಿಲ್ಲಿಗೆ ಬಿತ್ತು, ಗೊಣಗಿಕೊಂಡೇ ಕಟ್ಟಿದರು.

ಕೊಳ್ಳುವವರು ಇದ್ದಾರೆಂದು ಕಂಡ ಮೇಲೆ ಚೀನಾದವರು ಕಾರ್ಖಾನೆಯ ಮೇಲೆ ಕಾರ್ಖಾನೆ ಕಟ್ಟಿದರು. ಸಾವಿರ ಮಾಡುವುದಕ್ಕೂ ಲಕ್ಷ ಮಾಡುವುದಕ್ಕೂ ಬೆಲೆಯಲ್ಲಿ ವ್ಯತ್ಯಾಸ ಇದ್ದೇ ಇದೆ. ಮಾಡಿ ಮಾಡಿ ಕೈ ಪಳಗಿದ ಹಾಗೆ, 2010ರಿಂದ ಹತ್ತು ವರ್ಷದಲ್ಲಿ ಪ್ಲೇಟಿನ ಬೆಲೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ನಮ್ಮ ದೇಶ 2010ರಲ್ಲಿ ರಾಷ್ಟ್ರೀಯ ಸೌರ ಯೋಜನೆ ಆರಂಭಿಸಿದಾಗ ಮೊದಲ ಟೆಂಡರಿನಲ್ಲಿ ಸೋಲಾರ್ ವಿದ್ಯುತ್ ಯೂನಿಟ್ಟಿಗೆ ಸುಮಾರು 12 ರೂಪಾಯಿ ಬಿತ್ತು. ಏಳೇ ವರ್ಷಕ್ಕೆ, 2017ರಲ್ಲಿ, ರಾಜಸ್ಥಾನದ ಭಡ್ಲಾ ಎಂಬಲ್ಲಿ 2 ರೂಪಾಯಿ 44 ಪೈಸೆಗೆ ಕೊಡಲು ಕಂಪನಿಗಳು ಪೈಪೋಟಿ ನಡೆಸಿದವು. ಕಲ್ಲಿದ್ದಲಿನ ಕರೆಂಟಿಗಿಂತ ಅಗ್ಗ! ಇಷ್ಟಾದ ಮೇಲೆಯೇ ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕು 2019ರ ಕೊನೆಗೆ ಪೂರ್ತಿಯಾದದ್ದು. ಅಲ್ಲಿ ಸುಮಾರು 13,000 ಎಕರೆ ಬರದ ಭೂಮಿಯನ್ನು ರೈತರಿಂದ ಕೊಂಡುಕೊಳ್ಳಲಿಲ್ಲ, ಗೇಣಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಂತೆ ಏರಿಕೆ. ಶೇಂಗಾ ಬಿತ್ತಿ ಬರಕ್ಕೆ ಕಳೆದುಕೊಳ್ಳುತ್ತಿದ್ದ ಭೂಮಾಲೀಕರಿಗೆ ಅದು ಒಳ್ಳೆಯದಾಯಿತು. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಜನಕ್ಕೆ ಗೇಣಿ ಬರಲಿಲ್ಲ ಎಂಬುದನ್ನೂ ಮರೆಯಬಾರದು.

ನೋಡಿ, ಜರ್ಮನಿಯ ಹೊಗೆ ಲೋಕದ ನೂರರಲ್ಲಿ ಎರಡು ಪಾಲೂ ಇಲ್ಲ ಈಗ. ತನ್ನ ಕಾನೂನಿನಿಂದ ಅದು ಇಳಿಸಿದ್ದು ಅದರಲ್ಲೂ ಒಂದು ಚೂರು. ಆದರೆ ಅದು ಬೆಲೆ ಇಳಿಸಿಕೊಟ್ಟ ಪ್ಲೇಟು ಪಾವಗಡದಲ್ಲಿ, ಅರಬ್ಬರ ಮರಳುಗಾಡಿನಲ್ಲಿ, ಆಫ್ರಿಕದಲ್ಲಿ ನಿಂತಿದೆ. 2025ರ ಮಧ್ಯದ ಹೊತ್ತಿಗೆ ನಮ್ಮ ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧ ಭಾಗ ಕಲ್ಲಿದ್ದಲು, ಅನಿಲ, ಎಣ್ಣೆ ಸುಡದ ಸ್ಥಾವರಗಳದ್ದಾಯಿತು. 2030ಕ್ಕೆ ಮುಟ್ಟುತ್ತೇವೆ ಎಂದು ಲೋಕಕ್ಕೆ ಕೊಟ್ಟಿದ್ದ ಮಾತು ಐದು ವರ್ಷ ಮೊದಲೇ ನೆರವೇರಿತು. ಸಾಮರ್ಥ್ಯ ಎಂದೆ, ಗಮನಿಸಿ. ರಾತ್ರಿ ಹೊತ್ತು ಸೋಲಾರ್ ಉರಿಯದು, ಆದ್ದರಿಂದ ನಿಜವಾಗಿ ಬಳಸುವ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲೇ ಇನ್ನೂ ದೊಡ್ಡದು.

ನಾವೂ ಲೋಕಕ್ಕೆ ಒಂದನ್ನು ಅಗ್ಗವಾಗಿ ಮಾಡಿ ತೋರಿಸಿದ್ದೇವೆ. ಅದು ನಿಮ್ಮ ಅಡಿಗೆಮನೆಯಲ್ಲೇ ಉರಿಯುತ್ತಿದೆ. ಎಲ್‌ಇಡಿ ಬಲ್ಬನ್ನು ಸರ್ಕಾರದ ಸಂಸ್ಥೆ 2014ರಲ್ಲಿ ಕೊಂಡಾಗ ಒಂದಕ್ಕೆ 310 ರೂಪಾಯಿ. ಒಟ್ಟಿಗೆ ಕೋಟಿಗಟ್ಟಲೆ ಕೊಳ್ಳುತ್ತೇವೆ ಎಂದು ಟೆಂಡರು ಕರೆದಾಗ 2016ಕ್ಕೆ ಅದೇ ಬಲ್ಬು 38 ರೂಪಾಯಿಗೆ ಬಂತು. ನಮ್ಮ ರಾಜ್ಯದಲ್ಲಿ "ಹೊಸ ಬೆಳಕು" ಎಂಬ ಹೆಸರಿನಲ್ಲಿ ಹಂಚಿದ್ದು ನೆನಪಿರಬಹುದು. ದೇಶದಲ್ಲೆಲ್ಲ 36 ಕೋಟಿಗೂ ಮೇಲೆ ಬಲ್ಬು ಹೋಯಿತು. 60 ವಾಟಿನ ಹಳೇ ಗುಂಡು ಬಲ್ಬಿನಷ್ಟೇ ಬೆಳಕು 9 ವಾಟಿಗೆ. ಕರೆಂಟು ಬಿಲ್ಲು ಇಳಿಸಲೆಂದು ಹಾಕಿಕೊಂಡ ಬಲ್ಬು ಕಲ್ಲಿದ್ದಲು ಸುಡುವುದನ್ನೂ ಇಳಿಸಿತು.

ಇನ್ನೊಂದು ದಾರಿ ಕರಾರಿನದು. ತಂಪು ಪೆಟ್ಟಿಗೆ, ಸುಗಂಧದ ಸ್ಪ್ರೇಗಳಲ್ಲಿ ತುಂಬುತ್ತಿದ್ದ ಒಂದು ಜಾತಿಯ ಅನಿಲ ಮೇಲಿನ ಓಜೋನ್ ಪದರವನ್ನು ತಿನ್ನುತ್ತದೆ ಎಂದು 1974ರಲ್ಲಿ ಗೊತ್ತಾಯಿತು. 1978ರಲ್ಲಿ ಅಮೇರಿಕ ತನ್ನ ದೇಶದ ಸ್ಪ್ರೇಗಳಲ್ಲಿ ಅದನ್ನು ನಿಷೇಧಿಸಿತು, ಮಿಕ್ಕವರಿಗಾಗಿ ಕಾಯಲಿಲ್ಲ. ಬದಲಿ ಸಾಮಾನು ಬಂತು, ಆಕಾಶ ಕಳಚಿ ಬೀಳಲಿಲ್ಲ. 1987ರಲ್ಲಿ ಮಾಂಟ್ರಿಯಲ್ ಎಂಬ ಊರಿನಲ್ಲಿ ಒಪ್ಪಂದವಾಯಿತು, 1992ರಲ್ಲಿ ಭಾರತ ಸೇರಿತು, ಕೊನೆಗೆ ಲೋಕದ ಅಷ್ಟೂ ದೇಶ ಸೇರಿದವು. ಓಜೋನ್ ಪದರ ಈಗ ನಿಧಾನವಾಗಿ ಮಾಯುತ್ತಿದೆ. ಅಮೇರಿಕದ ವಿಷಯ ಬಂದಿತಲ್ಲ, ಅದರ ಉಲ್ಟಾ ಕಥೆಯೂ ಉಂಟು. 2015ರಲ್ಲಿ ಪ್ಯಾರಿಸ್‌ನಲ್ಲಿ ಆದ ಹವಾಮಾನ ಒಪ್ಪಂದದಿಂದ ಅಮೇರಿಕ 2020ರಲ್ಲಿ ಹೊರಬಂದಿತು, 2021ರಲ್ಲಿ ಮತ್ತೆ ಸೇರಿತು, 2025ರಲ್ಲಿ ಮತ್ತೆ ಹೊರಡುತ್ತೇನೆ ಎಂದಿತು. ಊರ ಕೆರೆಯ ಹೂಳು ತೆಗೆಯುವಾಗ ದೊಡ್ಡ ಹಿಡುವಳಿದಾರನೇ ಗುದ್ದಲಿ ಬಿಸಾಡಿ ಹೋದಂತೆ. 2020ರಲ್ಲಿ ಅದರ ಹಿಂದೆ ಮತ್ತೊಂದು ದೇಶ ಎದ್ದು ಹೋಗಲಿಲ್ಲ ಎಂಬುದು ಸಮಾಧಾನ. ಆದರೆ ಉಳಿದವರ ಕೈ ಚುರುಕು ಕಡಿಮೆಯಾಗುವುದು ಸಹಜ.

ಹಾಗೆಂದು ಒಂದು ದೇಶ ಮಾಡಿದ್ದೆಲ್ಲ ಲೋಕಕ್ಕೆ ಹಿತ ಎನ್ನುವ ಹಾಗಿಲ್ಲ. ಒಂದು ದೇಶ ಸಿಮೆಂಟು, ಉಕ್ಕಿನ ಕಾರ್ಖಾನೆಗೆ ಬಿಗಿ ಮಾಡಿದರೆ ಆ ಕಾರ್ಖಾನೆ ಪಕ್ಕದ ದೇಶಕ್ಕೆ ಹೋಗಿ ಅಷ್ಟೇ ಹೊಗೆ ಬಿಡಬಹುದು. ಇದನ್ನು ತಡೆಯಲೆಂದೇ ಯುರೋಪಿನ ದೇಶಗಳ ಒಕ್ಕೂಟ 2026ರ ಜನವರಿಯಿಂದ ಹೊರಗಿನ ಉಕ್ಕು, ಸಿಮೆಂಟು, ಅಲ್ಯೂಮಿನಿಯಂ, ರಸಗೊಬ್ಬರಗಳ ಮೇಲೆ ಹೊಗೆಯ ಸುಂಕ ಗೊತ್ತುಮಾಡಿತು. ಬಡದೇಶಗಳ ಹೊಟ್ಟೆಗೆ ಹೊಡೆಯುವ ಕೆಲಸ ಎಂದು ನಮ್ಮವರ ತಕರಾರು. ಆ ತಕರಾರಿನಲ್ಲಿ ಹುರುಳಿದೆ ಎಂದೇ ನನಗನ್ನಿಸುತ್ತದೆ.

ನಮ್ಮ ಜಿಲ್ಲೆಗೆ ಹತ್ತಿರದ ಉದಾಹರಣೆ ಕಬ್ಬಿನದು. ಪೆಟ್ರೋಲಿಗೆ ಎಥನಾಲ್ ಬೆರೆಸುವ ಯೋಜನೆಯಲ್ಲಿ ನಮ್ಮ ದೇಶ 2025ರಲ್ಲಿ ನೂರಕ್ಕೆ 20ರ ಮಟ್ಟ ಮುಟ್ಟಿತು. ಪರದೇಶದ ಎಣ್ಣೆ ಕೊಳ್ಳುವುದು ಕಡಿಮೆಯಾಯಿತು, ಕಾರ್ಖಾನೆಗೆ ಇನ್ನೊಂದು ಆದಾಯವಾಯಿತು. ಆದರೆ ಕಬ್ಬು ವರ್ಷವಿಡೀ ನೀರು ಕುಡಿಯುವ ಬೆಳೆ. 2023ರ ಬರದಲ್ಲಿ ಕಬ್ಬಿನ ಇಳುವರಿ ಕುಸಿಯುವ ಭಯ ಬಂದಾಗ, ಆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ತೆಗೆಯುವುದಕ್ಕೇ ತಡೆ ಹಾಕಬೇಕಾಯಿತು. ಮುಂದಿನ ವರ್ಷ ಮಳೆಯಾದ ಮೇಲೆ ತಡೆ ತೆಗೆದರು. ಹೊಗೆ ತಗ್ಗಿಸುವ ಹೆಸರಿನಲ್ಲಿ ಕಾವೇರಿ ನೀರನ್ನೆಲ್ಲ ಕಬ್ಬಿಗೇ ಸುರಿದರೆ ಲೋಕಕ್ಕೆ ಹಿತವಾದೀತೋ ಏನೋ, ನಾಲೆಯ ಕೊನೇ ಗದ್ದೆಗೆ ಆಗದು.

ಈಗ ನಮ್ಮ ಭತ್ತದ ಗದ್ದೆಗೆ ಬರೋಣ. ಮಾತು ಶುರುವಾದದ್ದೇ ಅಲ್ಲಿಂದ.

ಗದ್ದೆಯಲ್ಲಿ ನೀರು ನಿಂತು ಮಣ್ಣಿಗೆ ಗಾಳಿ ತಪ್ಪಿದಾಗ, ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲು, ಕೂಳೆ, ಗೊಬ್ಬರಗಳನ್ನು ಕೊಳೆಸಿ ಮೀಥೇನ್ ಅನಿಲ ಬಿಡುತ್ತವೆ. ಕಳೆ ಕೀಳಲು ಇಳಿದಾಗ ಕಾಲಿನ ಹತ್ತಿರ ಬುಳುಬುಳು ಗುಳ್ಳೆ ಬರುತ್ತದಲ್ಲ, ಅದರಲ್ಲಿ ಇರುವುದೂ ಇದೇ. ಹೆಚ್ಚಿನ ಪಾಲು ಪೈರಿನ ಕಾಂಡದೊಳಗಿನಿಂದಲೇ ಮೇಲೆ ಬರುತ್ತದೆ. ಮೀಥೇನ್ ಗಾಳಿಯಲ್ಲಿ ಸುಮಾರು 12 ವರ್ಷ ಮಾತ್ರ ಇರುತ್ತದೆ. ಆದರೆ ಮೊದಲ 20 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಬಿಸಿ ಕೊಡುತ್ತದೆ. ಬೇಗ ಕರಗುವ ಅನಿಲವಾದ್ದರಿಂದ ಇದನ್ನು ಇಳಿಸಿದರೆ ಫಲವೂ ಬೇಗ ಕಾಣುತ್ತದೆ. ಮನುಷ್ಯರ ಕೆಲಸದಿಂದ ಏಳುವ ಮೀಥೇನಿನಲ್ಲಿ ನೂರಕ್ಕೆ 8ರಿಂದ 10 ಪಾಲು ಲೋಕದ ಭತ್ತದ ಗದ್ದೆಗಳದ್ದು. ಹಸು, ಎಮ್ಮೆ ಮೆಲುಕು ಹಾಕುವಾಗ ಬಿಡುವುದು ಇದಕ್ಕಿಂತ ಹೆಚ್ಚು. ಅದರ ಮಾತು ಬೇರೆ ದಿನಕ್ಕಿರಲಿ.

2021ರಲ್ಲಿ ಮೀಥೇನ್ ಇಳಿಸೋಣ ಎಂದು ಅನೇಕ ದೇಶಗಳು ಪ್ರತಿಜ್ಞೆ ಮಾಡಿದಾಗ ಭಾರತ ಸಹಿ ಹಾಕಲಿಲ್ಲ. ನಮ್ಮಲ್ಲಿ ಭತ್ತ, ದನ ಎರಡೂ ಸಣ್ಣ ರೈತರ ಜೀವನ, ಶ್ರೀಮಂತರ ಮೋಟಾರು ಗಾಡಿಯ ಹೊಗೆಯನ್ನೂ ಬಡವನ ಅನ್ನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂಬುದು ಅದರ ತಿರುಳು. ಇದು ನ್ಯಾಯವಾದ ಮಾತೇ. ಆದರೆ ವಿಯೆಟ್ನಾಂ ಎಂಬ ಭತ್ತದ ದೇಶ 2023ರಲ್ಲಿ ಬೇರೆ ದಾರಿ ಹಿಡಿಯಿತು. 2030ರೊಳಗೆ 10 ಲಕ್ಷ ಹೆಕ್ಟೇರ್ ಗದ್ದೆಯಲ್ಲಿ ನೀರು, ಬೀಜ, ಗೊಬ್ಬರ ಎಲ್ಲ ಕಡಿಮೆ ಮಾಡಿ ಹೊಗೆ ಕಡಿಮೆಯ ಅಕ್ಕಿ ಬೆಳೆಯುತ್ತೇವೆ ಎಂದು ಯೋಜನೆ ಹಾಕಿತು. ಖರ್ಚು ಇಳಿಯುವುದಾದರೆ ಪ್ರತಿಜ್ಞೆ ಇರಲಿ ಬಿಡಲಿ, ನಾವೂ ನೋಡಬಹುದಾದ ಕೆಲಸವಲ್ಲವೇ ಅದು?

ಕೆಲಸ ಕಷ್ಟದ್ದಲ್ಲ. ಗದ್ದೆಯನ್ನು ನೆನೆಸಿ, ಒಣಗಲು ಬಿಟ್ಟು, ಮತ್ತೆ ನೆನೆಸುವುದು. ಒಂದು ಅಡಿ ಉದ್ದ, ನಾಲ್ಕೈದು ಅಂಗುಲ ಅಗಲದ ಪ್ಲಾಸ್ಟಿಕ್ ಪೈಪಿನ ತುಂಡು ತೆಗೆದುಕೊಳ್ಳಿ, ದಪ್ಪ ಬಿದಿರಿನ ಬೊಂಬೆಯಾದರೂ ಆದೀತು. ಕೆಳಗಿನ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಸುತ್ತಲೂ ಸಣ್ಣ ತೂತು ಕೊರೆಯಿರಿ. ಗದ್ದೆಯಲ್ಲಿ, ಬದುವಿಗೆ ಹತ್ತಿರ ಕೈಗೆ ಸಿಗುವ ಕಡೆ, ತೂತಿನ ಭಾಗ ಮಣ್ಣಿನೊಳಗೆ ಹೋಗುವಂತೆ ಹೂಳಿ, ಒಳಗಿನ ಮಣ್ಣು ತೆಗೆದುಬಿಡಿ. ಈಗ ಅದು ಒಂದು ಪುಟ್ಟ ಬಾವಿ. ನಾಟಿಯಾದ ಮೊದಲ 15 ದಿನ ಎಂದಿನಂತೆ ತೆಳ್ಳಗೆ ನೀರು ನಿಲ್ಲಿಸಿ, ಇಲ್ಲದಿದ್ದರೆ ಕಳೆ ಮೇಲೇಳುತ್ತದೆ. ಆಮೇಲೆ ನೀರು ತಾನೇ ಇಳಿಯಲಿ. ಮೇಲೆ ನೋಡಿದರೆ ಗದ್ದೆ ಒಣಗಿದಂತೆ ಕಾಣುತ್ತದೆ, ಹೆದರಬೇಡಿ. ಕೊಳವೆಯೊಳಗಿನ ನೀರು ನೆಲಮಟ್ಟದಿಂದ ಅರ್ಧ ಅಡಿ ಕೆಳಕ್ಕೆ ಇಳಿದಾಗ ಮತ್ತೆ ಎರಡು ಅಂಗುಲ ನೀರು ಹಾಯಿಸಿ. ಬೇರು ಅಷ್ಟು ಆಳದ ತೇವ ಎಳೆದುಕೊಳ್ಳಬಲ್ಲದು. ಹೂ ಬಿಡುವ ಒಂದು ವಾರ ಮೊದಲಿನಿಂದ ಒಂದು ವಾರ ಆಚೆಯವರೆಗೆ ಮಾತ್ರ ಒಣಗಲು ಬಿಡಲೇಬೇಡಿ, ಆಗ ನೀರು ತಪ್ಪಿದರೆ ಜೊಳ್ಳು. ಹೀಗೆ ಮಾಡಿದರೆ ನೀರಿನಲ್ಲಿ ನೂರಕ್ಕೆ 15ರಿಂದ 30ರವರೆಗೆ ಉಳಿಯುತ್ತದೆ, ಮೀಥೇನ್ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಇಳಿಯುತ್ತದೆ, ಇಳುವರಿ ಇಳಿಯುವುದಿಲ್ಲ.

ಇಲ್ಲೊಂದು ತೊಡಕಿದೆ. ನಮ್ಮ ಕಡೆ ಬಹಳ ಗದ್ದೆಗಳಿಗೆ ಬೇರೆ ಬೇರೆ ಕಾಲುವೆ ಇಲ್ಲ. ಮೇಲಿನವನ ಗದ್ದೆ ತುಂಬಿ, ಬದುವಿನ ಗಂಡಿಯಿಂದ ಕೆಳಗಿನವನ ಗದ್ದೆಗೆ ಇಳಿಯುವುದು. ನಡುವಿನವನು ಒಬ್ಬನೇ ಒಣಗಿಸುತ್ತೇನೆ ಎಂದರೆ ಆದೀತೇ? ಮೇಲಿನಿಂದ ನೀರು ನುಗ್ಗುತ್ತದೆ, ಕೆಳಗಿನವನು ನೀರು ಬರಲಿಲ್ಲ ಎಂದು ಜಗಳಕ್ಕೆ ಬರುತ್ತಾನೆ. ಕೇಳಲು ಮಂತ್ರಿಗಳ ಸಭೆಯ ಜಗಳದಂತೆಯೇ ಇದೆ. ಆದರೆ ನಮಗೆ ಒಂದು ಅನುಕೂಲ ಉಂಟು. ಇಲ್ಲಿ 200 ದೇಶ ಒಪ್ಪಬೇಕಿಲ್ಲ, ಒಂದು ತೂಬಿನ ಕೆಳಗಿನ ಹದಿನೈದಿಪ್ಪತ್ತು ಮನೆ ಒಪ್ಪಿದರೆ ಸಾಕು. ನಾಲೆಯಲ್ಲಿ ಕಟ್ಟು ಪದ್ಧತಿಯ ಮೇಲೆ ನೀರು ಬಿಡುವಾಗ ಹೇಗೂ ಕೆಲವು ದಿನ ನೀರು, ಕೆಲವು ದಿನ ಇಲ್ಲ. ಕಟ್ಟು ಬಿದ್ದ ದಿನಗಳನ್ನೇ ಒಣಗಿಸುವ ದಿನವೆಂದು ಲೆಕ್ಕ ಹಿಡಿದರೆ, ನೀರು ಬಂದಾಗ ಅರ್ಧ ಅಡಿ ತುಂಬಿಸಿಟ್ಟುಕೊಳ್ಳುವ ಆತುರ ಬೇಡ. ಮೇಲಿನ ತೂಬಿನವರು ಹೀಗೆ ಹಿಡಿದ ನೀರು ಕೊನೇ ತೂಬಿಗೆ ಅದೇ ವಾರ ಮುಟ್ಟುತ್ತದೆ. ಅಮೇರಿಕದ ಬಿಸಿಲು ತಗ್ಗಿತೋ ಇಲ್ಲವೋ ಎಂದು ಕಾಯಬೇಕಾಗಿಲ್ಲ. ಕಟ್ಟು ಯಾವಾಗ, ಎಷ್ಟು ದಿನ ಎಂಬುದನ್ನು ಸೌಡಿಯವರಿಂದ ಮೊದಲೇ ತಿಳಿದುಕೊಂಡು ಮಾಡಿ. ನೀರು ಯಾವಾಗ ಬರುತ್ತದೆಂಬ ನಂಬಿಕೆ ಇಲ್ಲದ ಕಡೆ ಒಣಗಿಸಿ ಎಂದು ಹೇಳಲು ನನಗೂ ಧೈರ್ಯ ಸಾಲದು.

ಎಲ್ಲ ಭೂಮಿಗೂ ಇದು ಹೊಂದದು. ಚೌಳು ಎದ್ದ ಗದ್ದೆಯನ್ನು ಒಣಗಿಸಿದರೆ ಉಪ್ಪು ಮೇಲಕ್ಕೆ ಬರುತ್ತದೆ, ಅಲ್ಲಿ ಬೇಡ. ಮರಳು ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ದಿನಾ ಬೆಳಗ್ಗೆ ಕೊಳವೆಯೊಳಗೆ ಕಡ್ಡಿ ಇಳಿಸಿ ನೋಡಿ. ಯೂರಿಯಾ ಎರಚುವುದನ್ನು ಒಣಗಿದ ಗದ್ದೆಗೆ, ನೀರು ಹಾಯಿಸುವ ಸ್ವಲ್ಪ ಮೊದಲು ಇಟ್ಟುಕೊಳ್ಳಿ. ಗೊಬ್ಬರ ನೀರಿನ ಜೊತೆ ಬೇರಿಗೆ ಇಳಿಯುತ್ತದೆ. ಹೆಚ್ಚಾಗಿ ಹಾಕಿ ಒಣಗಲು ಬಿಟ್ಟರೆ ಮೀಥೇನ್ ಹೋಗಿ ಅದಕ್ಕಿಂತ ಬಿರುಸಾದ ಇನ್ನೊಂದು ಅನಿಲ ಎದ್ದೀತು, ನಿಮ್ಮ ದುಡ್ಡೂ ಗಾಳಿಗೆ ಹೋದೀತು. ಮೊದಲ ವರ್ಷ ಒಂದು ತೂಬಿನ ಕೆಳಗೆ ಎಕರೆಗೆ ಒಂದರಂತೆ ಕೊಳವೆ ಇಟ್ಟರೆ ಸಾಕು. ಗದ್ದೆಯ ಮಟ್ಟ ಸಮನಾಗಿಲ್ಲದಿದ್ದರೆ ಎತ್ತರದ ಕಡೆಯಲ್ಲೂ ತಗ್ಗಿನಲ್ಲೂ ಇಡಬೇಡಿ, ನಡು ಮಟ್ಟದಲ್ಲಿ ಇಡಿ. ಕೊಳವೆ ಕೊರೆಯುವುದನ್ನು ಕಣ್ಣಾರೆ ನೋಡಬೇಕೆನ್ನುವವರು ನಾಟಿಗೆ ಮೊದಲೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಬರುವಾಗ ಒಂದೇ ತೂಬಿನ ಮೂರು ನಾಲ್ಕು ಜನ ಜೊತೆಯಾಗಿ ಬನ್ನಿ, ಮೇಲಿನ ಗದ್ದೆಯವರೊಬ್ಬರಾದರೂ ಅದರಲ್ಲಿರಲಿ.